ಬಿಸಿಲಿಗೊಂದಿಷ್ಟು ಹೊಸ ಹಾಡು: ಕೇಳುಗರ ಪ್ರಶ್ನೆ, ನಮ್ಮ ಉತ್ತರ

ಹೊಸ ಹಾಡು, ಹೊಸ ಕಲಾವಿದರನ್ನು ಹುಡುಕುವುದು, ಸಿಕ್ಕಿದ್ದನ್ನು ಇನ್ನೊಬ್ಬರ ಕಿವಿಗೆ ದಾಟಿಸುವುದು, ಬಿಸಿಲಲ್ಲಿ ತೊಂದರೆಯಿಲ್ಲದೆ ಕೇಳುವುದು. ಈ ಸಲದ ಪತ್ರಗಳೆಲ್ಲ ಈ ಮೂರರ ಸುತ್ತಲೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದೇ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಉಪದೇಶ ಬೇಡ. ಬೇಸಿಗೆಯಲ್ಲಿ ಕೇಳೋಕೆ ಹತ್ತು ಹೊಸ ಹಾಡಿನ ಹೆಸರು ಕೊಡಿ, ಸಾಕು.

ಉತ್ತರ: ಹತ್ತು ಹೆಸರು ಬರೆಯಲು ಹತ್ತು ನಿಮಿಷ ಸಾಕು. ಆದರೆ ಅಚ್ಚಾಗಿ ನಿಮ್ಮ ಕೈ ಸೇರುವಷ್ಟರಲ್ಲಿ ಅವು ಹಳತಾಗಿರುತ್ತವೆ. ನಿಮ್ಮ ಕಿವಿಗೆ ಏನು ಒಗ್ಗುತ್ತದೆ ಅನ್ನುವುದೂ ನಮಗೆ ಗೊತ್ತಿಲ್ಲ. ಅದಕ್ಕೇ ಹಾಡಿನ ಬದಲು ಸೆಕೆಗೆ ಹೊಂದುವ ಕೆಲವು ಶೈಲಿಗಳ ಹೆಸರು ಕೊಡುತ್ತೇವೆ. ಇವೆಲ್ಲದರಲ್ಲೂ ಇವತ್ತಿಗೂ ಹೊಸಬರು ಹಾಡುತ್ತಿದ್ದಾರೆ. ಶೈಲಿಯ ಹೆಸರಿನ ಜತೆ ಈ ವರ್ಷದ ಇಸವಿ ಸೇರಿಸಿ ಹುಡುಕಿ.

ರಾಕ್‌ಸ್ಟೆಡಿ ಜಮೈಕಾದ್ದು, 1966ರಿಂದ 68ರ ನಡುವೆ ಮೆರೆದದ್ದು. ಅದಕ್ಕೆ ಮುಂಚೆ ಅಲ್ಲಿ ಕುಣಿತಕ್ಕೆ ಇದ್ದದ್ದು ಸ್ಕಾ ಎಂಬ ಚುರುಕು ಲಯ. 1966ರ ಸೆಕೆಗೆ ಕುಣಿಯುವವರು ಬಸವಳಿದರು, ಅದಕ್ಕೇ ಲಯ ಇಳಿಯಿತು ಅಂತ ಒಂದು ಕಥೆ ಹೇಳುತ್ತಾರೆ. ನಿಜವೋ ಸುಳ್ಳೋ, ಹಾಡು ಕೇಳಿದರೆ ನಂಬಬೇಕೆನಿಸುತ್ತದೆ. ಬೇಸ್ ಗಿಟಾರ್ ಎಲ್ಲಿ ಸುಮ್ಮನಾಗುತ್ತದೆ ಅನ್ನುವುದರ ಕಡೆ ಕಿವಿ ಕೊಡಿ. ಇಡೀ ಹಾಡಿನ ಆರಾಮ ಆ ಖಾಲಿ ಜಾಗದಲ್ಲಿದೆ. ಇದೇ ಬಳ್ಳಿಯಲ್ಲಿ 1970ರ ದಶಕದಲ್ಲಿ ಬಿಟ್ಟ ಕಾಯಿ ಡಬ್. ಹಾಡಿನಿಂದ ಗಾಯನವನ್ನು ಬಹುಪಾಲು ತೆಗೆದು, ಡ್ರಮ್ಸು ಬೇಸು ಮಾತ್ರ ಮುಂದಿಟ್ಟು, ಅಲ್ಲೊಂದು ಇಲ್ಲೊಂದು ಪ್ರತಿಧ್ವನಿ ಬಿಡುತ್ತಾರೆ. ಮಾತು ಬೇಡವೆನಿಸುವ ಮಧ್ಯಾಹ್ನಕ್ಕೆ ಇದಕ್ಕಿಂತ ತಕ್ಕದ್ದು ಕಡಿಮೆ.

ಬೊಸ್ಸ ನೋವ 1950ರ ದಶಕದ ಕೊನೆಗೆ ರಿಯೊ ಡಿ ಜನೈರೊದಲ್ಲಿ ಹುಟ್ಟಿತು. ನೈಲಾನ್ ತಂತಿಯ ಗಿಟಾರು, ಪಕ್ಕದಲ್ಲಿ ಕೂತು ಪಿಸುಗುಟ್ಟಿದಂತೆ ಹಾಡುವ ದನಿ. ಅಮಾಪಿಯಾನೊ ದಕ್ಷಿಣ ಆಫ್ರಿಕದ್ದು, 2010ರ ದಶಕದ ಬೆಳೆ. ನಿಮಿಷಕ್ಕೆ ಸುಮಾರು 112 ಬಡಿತ. ಮರದ ಕೊರಡನ್ನು ಬಡಿದಂತೆ ಕೇಳುವ 'ಲಾಗ್ ಡ್ರಮ್' ಎಂಬ ಮಂದ್ರ ನಾದವೇ ಅದರ ಗುರುತು. ಹಾಡುಗಳು ಆರೇಳು ನಿಮಿಷ ಎಳೆಯುವುದುಂಟು, ಮೊದಲ ಎರಡು ನಿಮಿಷ ತಾಳ್ಮೆ ಬೇಕು. ಜಪಾನಿನ ಸಿಟಿ ಪಾಪ್ (1970ರ ದಶಕದ ಕೊನೆ ಮತ್ತು 80ರ ದಶಕ) ಶೈಲಿಯನ್ನು ಈಗ ಬೇರೆ ಬೇರೆ ದೇಶಗಳ ಹೊಸ ತಂಡಗಳು ಎತ್ತಿಕೊಂಡಿವೆ. ಶಾಸ್ತ್ರೀಯ ಬೇಕೆಂದರೆ ಹಿಂದೂಸ್ತಾನಿಯ ಸಾರಂಗ್ ಗುಂಪಿನ ರಾಗಗಳು ನಟ್ಟ ಮಧ್ಯಾಹ್ನದವೇ. ಬೃಂದಾವನಿ ಸಾರಂಗದಲ್ಲಿ ಗಾಂಧಾರ, ಧೈವತ ಎಂಬ ಎರಡು ಸ್ವರಗಳೂ ಇಲ್ಲ. ಸ್ವರ ಏರುವಾಗ (ಆರೋಹ) ಶುದ್ಧ ನಿಷಾದ, ಇಳಿಯುವಾಗ (ಅವರೋಹ) ಕೋಮಲ ನಿಷಾದ. ಹೊಸ ಪೀಳಿಗೆಯ ಕೊಳಲು, ಸರೋದ್ ಕಲಾವಿದರನ್ನು ಹುಡುಕಲು ಇದೊಂದು ಒಳ್ಳೆಯ ಬಾಗಿಲು.

ಪ್ರಶ್ನೆ: ಆ್ಯಪ್ ಮುಂದಿಡುವುದು ತಿರುಗಿ ತಿರುಗಿ ಅವೇ ಹಾಡು. ವಾರಕ್ಕೆ ಒಂದು ಗಂಟೆ ಬಿಡುವು ಸಿಗುತ್ತದೆ. ಅಷ್ಟರಲ್ಲಿ ಹೊಸ ಕಲಾವಿದರನ್ನು ಹಿಡಿಯುವುದು ಹೇಗೆ?

ಉತ್ತರ: ಆ ಒಂದು ಗಂಟೆಯನ್ನು ಶುಕ್ರವಾರ ಸಂಜೆಗೋ ಶನಿವಾರಕ್ಕೋ ಇಟ್ಟುಕೊಳ್ಳಿ. 2015ರ ಜುಲೈ 10ರಿಂದ ಜಗತ್ತಿನ ಬಹುತೇಕ ಕಡೆ ಹೊಸ ಆಲ್ಬಂಗಳ ಬಿಡುಗಡೆಗೆ ಶುಕ್ರವಾರವೇ ನಿಗದಿ. ಸ್ಪಾಟಿಫೈನ 'ರಿಲೀಸ್ ರಾಡಾರ್' ಪಟ್ಟಿ ಹೊಸದಾಗುವುದೂ ಶುಕ್ರವಾರ. 'ಡಿಸ್ಕವರ್ ವೀಕ್ಲಿ' ಸೋಮವಾರ ಬರುತ್ತದೆ. ಮೊದಲನೆಯದು ಮುಖ್ಯವಾಗಿ ನೀವು 'ಫಾಲೋ' ಮಾಡಿರುವವರನ್ನು ನೋಡಿಕೊಂಡು ತಯಾರಾಗುವಂಥದ್ದು. ಇಷ್ಟವಾದ ಕಲಾವಿದರನ್ನು ಫಾಲೋ ಮಾಡದೆ ಬರೀ ಹಾಡಿಗೆ ಮೆಚ್ಚುಗೆ ಒತ್ತಿಟ್ಟವರಿಗೆ ಅದು ಸಪ್ಪೆ ಎನಿಸಲು ಕಾರಣ ಅದೇ.

ಗಂಟೆಯನ್ನು ಹೀಗೆ ಹಂಚಿ. ಮೊದಲ ಹತ್ತು ನಿಮಿಷ, ನಿಮಗೆ ಈಗಾಗಲೇ ಇಷ್ಟವಾದ ಎರಡು ಹಾಡಿನ 'ಕ್ರೆಡಿಟ್ಸ್' ತೆರೆಯಿರಿ (ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ). ಗಾಯಕರ ಹೆಸರು ಬಿಡಿ. ಬರೆದವರು, ನಿರ್ಮಿಸಿದವರು, ಜತೆಗೆ ನುಡಿಸಿದವರ ಹೆಸರು ಹಿಡಿದು ಅವರು ಇನ್ನು ಯಾರ್ಯಾರ ಹಾಡಿಗೆ ಕೈ ಹಾಕಿದ್ದಾರೆ ನೋಡಿ. ನಮ್ಮ ಅನುಭವದಲ್ಲಿ ಯಾವ ಯಂತ್ರದ ಶಿಫಾರಸಿಗಿಂತಲೂ ಈ ದಾರಿ ನೇರ. 'ಇದರಂತೆಯೇ ಇರುವ ಹಾಡು' ಎಂದು ಆ್ಯಪ್ ಹೇಳುವುದು ಹೆಚ್ಚಾಗಿ ಕೇಳುಗರ ಗುಂಪನ್ನು ನೋಡಿಕೊಂಡು. ಕ್ರೆಡಿಟ್ಸ್ ಹೇಳುವುದು ಕೈಯ ಗುಣವನ್ನು. ಒಬ್ಬ ಒಳ್ಳೆಯ ಬೇಸ್ ವಾದಕ ಐದು ತಂಡಗಳಲ್ಲಿ ನುಡಿಸಿದ್ದರೆ ಐದರಲ್ಲಿ ಮೂರಾದರೂ ನಿಮಗೆ ಹಿಡಿಸುತ್ತವೆ.

ಆಮೇಲೆ ಅರ್ಧ ಗಂಟೆ, ಇಪ್ಪತ್ತು ಹಾಡು, ಒಂದಕ್ಕೆ 90 ಸೆಕೆಂಡ್. ಆದರೆ ಮೊದಲ 90 ಸೆಕೆಂಡ್ ಅಲ್ಲ! ಆರಂಭದ 20 ಸೆಕೆಂಡ್ ಕೇಳಿ, ಮೊದಲ ಪಲ್ಲವಿಗೆ ಹಾರಿ 30 ಸೆಕೆಂಡ್, ಮತ್ತೆ ಮೂರನೇ ಎರಡು ಭಾಗ ದಾಟಿದ ಜಾಗಕ್ಕೆ ಹೋಗಿ ಉಳಿದ 40. ಆ ಕಡೆಯ ಜಾಗದಲ್ಲಿ ಹಾಡು ಏನಾದರೂ ಹೊಸದು ಮಾಡುತ್ತಿದೆಯೋ, ಮೊದಲಿನದ್ದನ್ನೇ ಅಂಟಿಸಿದೆಯೋ ಅನ್ನುವುದು ಬಯಲಾಗುತ್ತದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಹಾಗಾಗಿ ಕಿವಿ ಹಿಡಿಯುವ ತುಣುಕುಗಳನ್ನೆಲ್ಲ ಮೊದಲ ಅರ್ಧ ನಿಮಿಷದಲ್ಲೇ ತುಂಬಿಸಿ ಮುಂದೆ ಖಾಲಿ ಬಿಟ್ಟ ಹಾಡುಗಳು ಈಗ ಬೇಕಾದಷ್ಟಿವೆ.

ಇಪ್ಪತ್ತರಲ್ಲಿ ಹೆಚ್ಚೆಂದರೆ ಐದು ಉಳಿಸಿಕೊಳ್ಳಿ. ಉಳಿದ ಇಪ್ಪತ್ತು ನಿಮಿಷ ಆ ಐದನ್ನು ಪೂರ್ತಿ ಕೇಳಿ. ಎರಡು ದಿನ ಬಿಟ್ಟು ಇನ್ನೊಮ್ಮೆ, ವಾರದ ಕೊನೆಗೆ ಮತ್ತೊಮ್ಮೆ. ಭಾಷೆ ಗೊತ್ತಿಲ್ಲದ ಹಾಡಿಗೆ ಮೂರನೇ ಸಲದ ಮುಂಚೆ ತೀರ್ಪು ಕೊಡಬೇಡಿ. ಮೊದಲ ಸಲ ಕಿವಿಗೆ ಬರೀ ಗದ್ದಲ, ಎರಡನೇ ಸಲ ದನಿಯ ಏರಿಳಿತ, ಮೂರನೇ ಸಲಕ್ಕೆ ಹಾಡು.

ಪ್ರಶ್ನೆ: ನಾನು ಹುಡುಕಿದ ಹನ್ನೆರಡು ಹೊಸ ಹಾಡಿನ ಲಿಂಕ್ ಗೆಳೆಯರ ಗುಂಪಿಗೆ ಕಳಿಸಿದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು, ಒಬ್ಬರೂ ಕೇಳಲಿಲ್ಲ. ತಪ್ಪೆಲ್ಲಿ?

ಉತ್ತರ: ಹನ್ನೆರಡರಲ್ಲಿ. ಒಂದು ಹಾಡು ನಾಲ್ಕು ನಿಮಿಷ ಅಂದರೂ ನೀವು ಕೇಳಿದ್ದು ಅವರ 48 ನಿಮಿಷ, ಅದೂ ಏಕೆಂದು ಹೇಳದೆ.

ಒಂದೇ ಹಾಡು ಕಳಿಸಿ, ಗುಂಪಿಗಲ್ಲ, ಒಬ್ಬರಿಗೆ. ಜತೆಗೆ ಮೂರು ವಿಷಯ ಬರೆಯಿರಿ: ಎಷ್ಟು ಉದ್ದ, ಎಲ್ಲಿ ಕಿವಿ ಕೊಡಬೇಕು, ಯಾವಾಗ ಕೇಳಬೇಕು. ಮಾದರಿ ಬೇಕೆಂದರೆ ಇಲ್ಲಿದೆ: 'ನಾಲ್ಕು ನಿಮಿಷದ್ದು. 1:40ರ ತನಕ ಬರೀ ಗಿಟಾರು, ತಾಳವೇ ಇಲ್ಲ. ಡ್ರಮ್ಸ್ ಬಂದಮೇಲೆ ಅದೇ ಸಾಲು ಇನ್ನೊಮ್ಮೆ ಹಾಡ್ತಾಳೆ, ಆಗ ಅರ್ಥವೇ ಬೇರೆ ಅನ್ನಿಸುತ್ತೆ. ಇವತ್ತು ಪಾತ್ರೆ ತೊಳೀವಾಗ ಹಾಕ್ಕೋ.' ಇದನ್ನು ಓದಿದವರಿಗೆ 1:40ಕ್ಕೆ ಏನಾಗುತ್ತದೆ ಎಂಬ ಕುತೂಹಲ ಹುಟ್ಟಿರುತ್ತದೆ, ಅಲ್ಲಿಯ ತನಕವಂತೂ ಕಾಯುತ್ತಾರೆ. 'ಸಖತ್ತಾಗಿದೆ, ಮಿಸ್ ಮಾಡ್ಬೇಡ' ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. 'ಇವಳು ಇವತ್ತಿನ ಇಂಥವಳು' ಎಂದು ದೊಡ್ಡ ಗಾಯಕಿಯೊಬ್ಬಳ ಹೆಸರು ಹೇಳಿ ಹೋಲಿಸುವುದಂತೂ ಹೊಸಬರಿಗೆ ಮಾಡುವ ಅನ್ಯಾಯ. ಕೇಳುವವರು ಹಾಡು ಕೇಳುವುದು ಬಿಟ್ಟು ಹೋಲಿಕೆ ಅಳೆಯುತ್ತ ಕೂರುತ್ತಾರೆ.

ಯೂಟ್ಯೂಬ್ ಲಿಂಕಾದರೆ 'ಶೇರ್' ಒತ್ತಿದಾಗ ಕೆಳಗೆ 'ಇಂಥ ಸಮಯದಿಂದ ಆರಂಭಿಸು' ಎಂಬ ಸಣ್ಣ ಚೌಕ ಕಾಣುತ್ತದೆ. ಅದನ್ನು ಗುರುತು ಹಾಕಿದರೆ ನೀವು ಹೇಳಿದ ಜಾಗಕ್ಕೇ ಹಾಡು ತೆರೆಯುತ್ತದೆ. ಆದರೆ ಇದನ್ನು ಬಳಸುವುದು ಒಂದು ಗಂಟೆಯ ಕಛೇರಿಯ ನಡುವಿನ ತುಣುಕಿಗೆ ಮಾತ್ರ. ನಾಲ್ಕು ನಿಮಿಷದ ಹಾಡನ್ನು ನಡುವಿನಿಂದ ತೆರೆಸಿದರೆ, ಮುಂಚಿನ ಮೌನದಿಂದಲೇ ಬಂದ ಬೆರಗು ಸತ್ತುಹೋಗುತ್ತದೆ.

ಹಾಡು ಹಿಡಿಸಿತು, ಕಲಾವಿದರ ಪರಿಚಯ ಆಗಬೇಕು ಅಂದರೆ ಮೂರು ಹಾಡು ಸಾಕು. ಮೊದಲು ಸುಲಭವಾದದ್ದು, ಆಮೇಲೆ ಸ್ಟುಡಿಯೊ ಅಲಂಕಾರವಿಲ್ಲದ ಒಂದು ಲೈವ್ ಹಾಡು, ಕೊನೆಗೆ ಅವರದೇ ಆದ ವಿಚಿತ್ರ ಹಾಡು. ಕಳಿಸಿದ ಸಂಜೆಯೇ 'ಕೇಳಿದ್ಯಾ?' ಅನ್ನಬೇಡಿ, ಒಂದು ವಾರ ಬಿಡಿ. ಮತ್ತೆ, ಒಂದು ಕೊಟ್ಟರೆ ಒಂದು ಕೇಳಿ ಪಡೆಯಿರಿ. ಕೊಡುತ್ತಲೇ ಇರುವವರ ಲಿಂಕುಗಳನ್ನು ಎಷ್ಟೇ ಒಳ್ಳೆಯ ಗೆಳೆಯರೂ ನಿಧಾನಕ್ಕೆ ತೆರೆಯದೆ ಬಿಡುತ್ತಾರೆ.

ಪ್ರಶ್ನೆ: ನಾಲ್ವರು ಸೇರಿ ಒಂದು ಬೇಸಿಗೆ ಪ್ಲೇಲಿಸ್ಟ್ ಮಾಡಿದೆವು, ಯಾರು ಬೇಕಾದರೂ ಹಾಡು ಸೇರಿಸಬಹುದು. ಈಗ 400 ಹಾಡಾಗಿದೆ, ತೆರೆಯಲೂ ಬೇಸರ.

ಉತ್ತರ: ಹಂಚಿಕೊಂಡ ಪಟ್ಟಿಗೆ ತೂಬು ಇರಬೇಕು, ಇಲ್ಲದಿದ್ದರೆ ಕೆರೆ ಕೊಳೆಯುತ್ತದೆ. 'ಈ ವಾರ' ಮತ್ತು 'ಕಣಜ' ಎಂದು ಎರಡು ಪಟ್ಟಿ ಮಾಡಿ. 'ಈ ವಾರ'ದಲ್ಲಿ ತಲೆಗೆ ಮೂರು ಹಾಡು, ನಾಲ್ವರಿಗೆ ಹನ್ನೆರಡು, ಸುಮಾರು 45 ನಿಮಿಷ. ಹೋಗಿಬರುವ ದಾರಿಯಲ್ಲಿ ಒಮ್ಮೆ ಪೂರ್ತಿ ಮುಗಿಯುತ್ತದೆ. ವಾರದ ಕೊನೆಗೆ ಪ್ರತಿಯೊಬ್ಬರೂ ಬೇರೆಯವರು ಹಾಕಿದ ಒಂದು ಹಾಡನ್ನು ಕಣಜಕ್ಕೆ ಸಾಗಿಸಬೇಕು. ತಮ್ಮದನ್ನು ತಾವೇ ಸಾಗಿಸುವಂತಿಲ್ಲ. ಉಳಿದದ್ದು ಅಳಿಸಿಹೋಗಲಿ. ಹನ್ನೆರಡು ವಾರ ಕಳೆದರೆ ಕಣಜದಲ್ಲಿ ಹೆಚ್ಚೆಂದರೆ 48 ಹಾಡು, ಎಲ್ಲವೂ ಹಾಕಿದವರಲ್ಲದ ಒಬ್ಬರಾದರೂ ಮೆಚ್ಚಿದವು.

ಈಗಿರುವ 400ನ್ನು ಒಂದೊಂದಾಗಿ ಸೋಸಲು ಹೋಗಬೇಡಿ. ಅದನ್ನು ಹಾಗೇ ಬಿಟ್ಟು ಹೊಸದಾಗಿ ಶುರುಮಾಡಿ. ನಿಜಕ್ಕೂ ಬೇಕಾದದ್ದು ನೆನಪಾಗಿ ತಾನೇ ಬರುತ್ತದೆ.

ಪ್ರಶ್ನೆ: ನನ್ನದೊಂದು ಆ್ಯಪ್, ತಂಗಿಯದೊಂದು ಆ್ಯಪ್. ಲಿಂಕ್ ತೆರೆಯುವುದಿಲ್ಲ. ಪ್ಲೇಲಿಸ್ಟ್ ಬದಲಾಯಿಸುವ ಸಾಧನದಲ್ಲಿ ಹಾಕಿದರೆ ಅರ್ಧ ಹಾಡು ಬೇರೆಯೇ ಬಂದವು.

ಉತ್ತರ: ಒಂದೆರಡು ಹಾಡಿಗಾದರೆ 'ಸಾಂಗ್‌ಲಿಂಕ್'ನಂಥ ಸೇವೆಯಲ್ಲಿ ನಿಮ್ಮ ಲಿಂಕ್ ಅಂಟಿಸಿ. ಬೇರೆ ಬೇರೆ ಆ್ಯಪುಗಳ ಗುಂಡಿಗಳಿರುವ ಒಂದೇ ಪುಟ ಸಿಗುತ್ತದೆ. ಪೂರ್ತಿ ಪಟ್ಟಿಗೆ 'ಟ್ಯೂನ್‌ಮೈಮ್ಯೂಸಿಕ್', 'ಸೌಂಡೀಝ್' ಮುಂತಾದವಿವೆ.

ತಪ್ಪು ಹಾಡು ಬರುವುದಕ್ಕೆ ಕಾರಣ ಹೆಸರು. ಒಂದೇ ಹೆಸರಿನಲ್ಲಿ ಮೂಲ ಹಾಡು, ಲೈವ್, ರೀಮಿಕ್ಸ್, ಕರೋಕೆ, ಇನ್ಯಾರೋ ಹಾಡಿದ್ದು ಎಲ್ಲ ಇರುತ್ತವೆ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತುಸಂಖ್ಯೆ ಇದೆ. ಅದು ಎರಡೂ ಕಡೆ ಒಂದೇ ಇದ್ದರೆ ಸರಿಯಾದದ್ದೇ ಸಿಗುತ್ತದೆ. ಅದೇ ಹಾಡಿನ ಹೊಸ ಮುದ್ರಣಕ್ಕೆ ಬೇರೆ ಸಂಖ್ಯೆ ಬಿದ್ದಿದ್ದರೆ ಸಾಧನ ಹೆಸರು ನೋಡಿ ಊಹಿಸುತ್ತದೆ, ಅಲ್ಲೇ ಎಡವಟ್ಟು. ಕನ್ನಡದಂಥ ಭಾಷೆಯ ಹಾಡುಗಳಲ್ಲಿ ಇದು ಇನ್ನೂ ಹೆಚ್ಚು. ಒಂದು ಕಡೆ ಹೆಸರು ಕನ್ನಡ ಲಿಪಿಯಲ್ಲಿ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ, ಅದರಲ್ಲೂ 'ಆ' ಕಾರಕ್ಕೆ ಒಬ್ಬರು ಒಂದು ಎ, ಇನ್ನೊಬ್ಬರು ಎರಡು ಎ. ಸಾಗಿಸಿದ ಮೇಲೆ ಹೆಸರುಗಳನ್ನಲ್ಲ, ಅವಧಿಯನ್ನು ಹೋಲಿಸಿ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟು, ಐದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇರುವ ಹಾಡುಗಳನ್ನಷ್ಟೇ ತೆರೆದು ನೋಡಿದರೆ ಸಾಕು.

ಪ್ರಶ್ನೆ: ಮನೆಗೆ ಬಂದ ಮಕ್ಕಳು ನನ್ನ ಫೋನಿನಲ್ಲಿ ಒಂದು ವಾರ ಬೇಕಾದ್ದೆಲ್ಲ ಹಾಕಿದರು. ಈಗ ಶಿಫಾರಸೆಲ್ಲ ಶಿಶುಗೀತೆ!

ಉತ್ತರ: ಸ್ಪಾಟಿಫೈನಲ್ಲಿ ಮಕ್ಕಳು ಹಾಕಿದ ಪ್ಲೇಲಿಸ್ಟಿನ ಮೂರು ಚುಕ್ಕಿ ಒತ್ತಿ 'ಟೇಸ್ಟ್ ಪ್ರೊಫೈಲ್‌ನಿಂದ ಹೊರಗಿಡು' ಆರಿಸಿ. ಮುಂದಿನ ಸಲ ಫೋನ್ ಕೊಡುವ ಮುನ್ನ 'ಪ್ರೈವೇಟ್ ಸೆಷನ್' ಹಾಕಿ. ಯೂಟ್ಯೂಬ್ ಮ್ಯೂಸಿಕ್ ಆದರೆ ಇತಿಹಾಸಕ್ಕೆ ಹೋಗಿ ಆ ಹಾಡುಗಳನ್ನು ಅಳಿಸಿ.

ಪ್ರಶ್ನೆ: ಪ್ರಯಾಣಕ್ಕೆಂದು ಹಾಡು ಡೌನ್‌ಲೋಡ್ ಮಾಡಿಟ್ಟಿದ್ದೆ. ನೆಟ್‌ವರ್ಕ್ ಇಲ್ಲದ ಕಡೆ ತೆರೆದರೆ ಎಲ್ಲ ಮಾಯ. ಡೌನ್‌ಲೋಡ್ ಮಾಡದೆ ಕೇಳಿದರೆ ಎಷ್ಟು ಡೇಟಾ ತಿನ್ನುತ್ತದೆ?

ಉತ್ತರ: ಆ್ಯಪಿನೊಳಗೆ ಇಳಿಸಿಕೊಂಡದ್ದು ನಿಮ್ಮ ಸ್ವಂತದ್ದಲ್ಲ, ಎರವಲು. ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ ಎರಡರಲ್ಲೂ 30 ದಿನಕ್ಕೊಮ್ಮೆಯಾದರೂ ಆ್ಯಪ್ ಇಂಟರ್‌ನೆಟ್ಟಿಗೆ ಬರಬೇಕು, ಇಲ್ಲವಾದರೆ ಹಾಡು ತೆರೆಯುವುದಿಲ್ಲ. ಸ್ಪಾಟಿಫೈನಲ್ಲಿ ಡೌನ್‌ಲೋಡ್ ಮಾಡಬಹುದಾದ ಸಾಧನಗಳು ಐದು. ಆರನೆಯದರಲ್ಲಿ ಇಳಿಸಿದರೆ ಹಳೆಯದೊಂದರಿಂದ ಹಾಡುಗಳು ಹೋಗುತ್ತವೆ. ಆ್ಯಪ್ ತೆಗೆದು ಮತ್ತೆ ಹಾಕಿದರೂ, ಚಂದಾ ಮುಗಿದರೂ ಅದೇ ಗತಿ. ಹೊರಡುವ ಹಿಂದಿನ ರಾತ್ರಿ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಪಟ್ಟಿಯ ಮೊದಲ, ನಡುವಿನ, ಕೊನೆಯ ಹಾಡು ನುಡಿಸಿ ನೋಡಿ. ಎರಡು ನಿಮಿಷದ ಕೆಲಸ.

ಡೇಟಾ ಲೆಕ್ಕ ಸುಲಭ. ಸೆಕೆಂಡಿಗೆ 96 ಕಿಲೊಬಿಟ್ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 43 ಎಂಬಿ, 160ರಲ್ಲಿ 72, 320ರಲ್ಲಿ 144. ಸಂಕೋಚನವಿಲ್ಲದ ಸಿಡಿ ಗುಣಮಟ್ಟ 1,411 ಕಿಲೊಬಿಟ್, ಅಂದರೆ ಗಂಟೆಗೆ 635 ಎಂಬಿ. ನಷ್ಟವಿಲ್ಲದ 'ಲಾಸ್‌ಲೆಸ್' ಕಡತಗಳು ಅದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತವೆ. ಗಾಡಿಯ ಸದ್ದಿನಲ್ಲಿ, ಬ್ಲೂಟೂತ್ ಮೂಲಕ ಕೇಳುವಾಗ 160ಕ್ಕಿಂತ ಮೇಲೇರಿಸಿ ಪ್ರಯೋಜನ ಕಡಿಮೆ. ಮೂವತ್ತು ಗಂಟೆಯ ಹಾಡಿಗೆ ಎರಡು ಜಿಬಿ ಚಿಲ್ಲರೆ ಜಾಗ ಸಾಕು.

ಪ್ರಶ್ನೆ: ಕೋಣೆಯಲ್ಲಿ ಗುಡುಗುವ ಬ್ಲೂಟೂತ್ ಸ್ಪೀಕರ್ ಅಂಗಳಕ್ಕೆ ತಂದರೆ ಕೀರಲು. ಇನ್ನೂ ದೊಡ್ಡದು ಕೊಳ್ಳಬೇಕೆ?

ಉತ್ತರ: ಕೊಳ್ಳುವ ಮುಂಚೆ ಜಾಗ ಬದಲಿಸಿ. ಕೋಣೆಯಲ್ಲಿ ಗೋಡೆಗಳು ಮಂದ್ರ ಸ್ವರಗಳನ್ನು ತಿರುಗಿಸಿ ನಿಮ್ಮ ಕಡೆಗೇ ಕಳಿಸುತ್ತಿದ್ದವು. ಬಯಲಲ್ಲಿ ಆ ನೆರವಿಲ್ಲ. ಹೊರಗೆ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 85 ಇದ್ದದ್ದು ಎರಡರಲ್ಲಿ 79, ನಾಲ್ಕರಲ್ಲಿ 73, ಎಂಟರಲ್ಲಿ 67. ಇನ್ನೊಂದು ಕಡೆ, ಎರಡರಷ್ಟು ವ್ಯಾಟಿನ ಸ್ಪೀಕರ್ ತಂದರೆ ಸಿಗುವುದು 3 ಡೆಸಿಬಲ್ ಮಾತ್ರ. ಅಂದರೆ ದುಡ್ಡು ಸುರಿಯುವುದಕ್ಕಿಂತ ಸ್ಪೀಕರನ್ನು ನಾಲ್ಕು ಹೆಜ್ಜೆ ಹತ್ತಿರ ತರುವುದೇ ಲಾಭ.

ಗೋಡೆಗೆ ಒಂದು ಗೇಣು ದೂರದಲ್ಲಿ, ಸಾಧ್ಯವಾದರೆ ಎರಡು ಗೋಡೆ ಕೂಡುವ ಮೂಲೆಯಲ್ಲಿ ಇಡಿ. ಬೇಸ್ ತಾನಾಗಿ ತುಂಬಿಕೊಳ್ಳುತ್ತದೆ. ಮುಖ ಜನರ ಕಡೆಗಿರಲಿ, ಕೂತವರ ಕಿವಿಯ ಎತ್ತರಕ್ಕಿರಲಿ. ಮೇಜಿನ ಕೆಳಗೆ ಇಟ್ಟರೆ ತಾರ ಸ್ವರ, ಹಾಡಿನ ಮಾತು ಎರಡೂ ಮಸುಕಾಗುತ್ತವೆ. ವಾಲ್ಯೂಮನ್ನು ತುದಿಗೆ ತಿರುಗಿಸಬೇಡಿ. ಸಣ್ಣ ಸ್ಪೀಕರುಗಳು ತಮ್ಮನ್ನು ಕಾಪಾಡಿಕೊಳ್ಳಲು ಜೋರಾದಂತೆ ಬೇಸ್ ತಾವೇ ಕತ್ತರಿಸುತ್ತವೆ. ನೀವು ಕೇಳಿದ ಕೀರಲಿಗೆ ಅರ್ಧ ಕಾರಣ ಅದೇ. ಮುಕ್ಕಾಲಿಗೆ ನಿಲ್ಲಿಸಿ. ಜನ ಚದುರಿ ಕೂರುವುದಿದ್ದರೆ ಒಂದು ದೊಡ್ಡದಕ್ಕಿಂತ ಜೋಡಿಸಬಹುದಾದ ಎರಡು ಸಣ್ಣವು ಮೇಲು. ಹತ್ತಿರದವರ ಕಿವಿ ಹರಿಯುವುದಿಲ್ಲ, ದೂರದವರಿಗೂ ಕೇಳುತ್ತದೆ, ಪಕ್ಕದ ಮನೆಗೆ ಹೋಗುವ ಸದ್ದೂ ಕಡಿಮೆ. ಜನ ಎರಡು ಬದಿಗೆ ಹಂಚಿ ಕೂರುವ ಜಾಗದಲ್ಲಿ ಸ್ಟೀರಿಯೊ ಬೇಡ, ಎರಡರಲ್ಲೂ ಒಂದೇ ಸದ್ದು ಬರುವ 'ಪಾರ್ಟಿ ಮೋಡ್' ಇರಲಿ. ಇಲ್ಲದಿದ್ದರೆ ಒಂದು ಬದಿಯವರಿಗೆ ಗಿಟಾರು, ಇನ್ನೊಂದು ಬದಿಯವರಿಗೆ ಕೀಬೋರ್ಡು ಮಾತ್ರ.

ನೀರಿನ ಬಗ್ಗೆಯೂ ಒಂದು ಮಾತು. ಸ್ಪೀಕರಿನ ವಿವರದಲ್ಲಿ ಐಪಿ67 ಎಂದಿದ್ದರೆ ದೂಳು ನುಗ್ಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಆ ಪರೀಕ್ಷೆ ಸಿಹಿನೀರಿನದು. ಸಮುದ್ರದ ಉಪ್ಪು, ಈಜುಕೊಳದ ಕ್ಲೋರಿನ್ ತಾಗಿದರೆ ಒಳ್ಳೆಯ ನೀರಿನಲ್ಲಿ ತೊಳೆದು, ಚಾರ್ಜಿಂಗ್ ತೂತು ಪೂರ್ತಿ ಒಣಗಿದ ಮೇಲೆಯೇ ತಂತಿ ಚುಚ್ಚಿ.

ಪ್ರಶ್ನೆ: ಮನೆಯೊಳಗೆ ಸರಿಯಾಗಿರುವ ವೈರ್‌ಲೆಸ್ ಇಯರ್‌ಫೋನ್ ಬಯಲಲ್ಲಿ ನಡೆಯುವಾಗ ತಡವರಿಸುತ್ತದೆ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರುತ್ತದೆ, ನಮ್ಮ ಮೈಯಲ್ಲಿ ಇರುವುದು ಬಹುಪಾಲು ನೀರೇ. ಮನೆಯೊಳಗೆ ಅಲೆಗಳು ಗೋಡೆಗೆ ತಾಗಿ ಸುತ್ತಿ ಬಂದು ಕಿವಿ ಸೇರುತ್ತವೆ. ಬಯಲಲ್ಲಿ ಮೈಯನ್ನು ದಾಟಿಯೇ ಬರಬೇಕು. ಫೋನನ್ನು ಹಿಂದಿನ ಜೇಬಿನಿಂದ ಎದೆ ಜೇಬಿಗೋ ತೋಳಿನ ಪಟ್ಟಿಗೋ ಬದಲಿಸಿ. ಎಲ್‌ಡ್ಯಾಕ್ ಕೋಡೆಕ್ (ಬ್ಲೂಟೂತಿನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ಒಂದು ವಿಧಾನ) ಇದ್ದರೆ ಸೆಟ್ಟಿಂಗ್ಸಿನಲ್ಲಿ 990ರಿಂದ 330 ಕಿಲೊಬಿಟ್ಟಿಗೆ ಇಳಿಸಿ, ತಡವರಿಕೆ ಬಹುತೇಕ ನಿಲ್ಲುತ್ತದೆ.

ಇನ್ನೊಬ್ಬರು ಈಜುವಾಗ ಹಾಡು ಏಕೆ ನಿಲ್ಲುತ್ತದೆ ಎಂದು ಕೇಳಿದ್ದಾರೆ. ಅದೇ ಕಾರಣ, ಇನ್ನೂ ಜೋರಾಗಿ. ನೀರೊಳಗೆ ಬ್ಲೂಟೂತ್ ಕೆಲವು ಸೆಂಟಿಮೀಟರ್ ದಾಟುವುದೂ ಕಷ್ಟ. ಹಾಡುಗಳನ್ನು ತನ್ನೊಳಗೇ ಇಟ್ಟುಕೊಳ್ಳುವ ಈಜು-ಹೆಡ್‌ಫೋನ್ ಬೇಕು. ಅದಕ್ಕೆ ಎಂಪಿ3 ಕಡತಗಳನ್ನು ಹಾಕಬೇಕು, ಆ್ಯಪಿನ ಡೌನ್‌ಲೋಡ್ ನಡೆಯದು.

ಪ್ರಶ್ನೆ: ಬಿಸಿಲಲ್ಲಿ ಹಾಡು ಹಾಕಿಟ್ಟ ಫೋನು ಕಾದು ಬಂದ್ ಆಗುತ್ತದೆ.

ಉತ್ತರ: ಐಫೋನಿಗೆ ಆ್ಯಪಲ್ ಹೇಳುವ ಬಳಕೆಯ ಮಿತಿ ಸುತ್ತಲಿನ ಗಾಳಿ 0ಯಿಂದ 35 ಡಿಗ್ರಿ ಸೆಲ್ಸಿಯಸ್. ಬೇರೆ ಫೋನುಗಳದ್ದೂ ಅಲ್ಲೇ ಆಚೀಚೆ. ಬಿಸಿಲಿಗೆ ಮುಖ ಮಾಡಿಟ್ಟ ಫೋನಿನಲ್ಲಿ ಒಟ್ಟಿಗೇ ನಾಲ್ಕು ಕೆಲಸ ನಡೆಯುತ್ತಿರುತ್ತವೆ: ಪೂರ್ತಿ ಬೆಳಕಿನ ಪರದೆ, ದಾರಿ ತೋರಿಸುವ ಮ್ಯಾಪು, ಮೊಬೈಲ್ ಡೇಟಾ, ಮೇಲೆ ಚಾರ್ಜಿಂಗ್. ಹಾಡು ಮೊದಲೇ ಇಳಿಸಿಕೊಂಡು ಪರದೆ ಆರಿಸಿದರೆ ಎರಡು ಭಾರ ಹೋಯಿತು. ಕವರ್ ಕಳಚಿ, ನೆರಳಿಗೆ ತನ್ನಿ, ಚಾರ್ಜರ್ ಕೀಳಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಒಳಗೆ ಹನಿ ಕಟ್ಟುತ್ತದೆ. ನಿಲ್ಲಿಸಿದ ಕಾರಿನಲ್ಲಿ ಫೋನು, ಸ್ಪೀಕರು, ಪವರ್ ಬ್ಯಾಂಕು ಬಿಟ್ಟುಹೋಗುವುದು ಬೇಡವೇ ಬೇಡ. ಗ್ರಾಮಫೋನ್ ತಟ್ಟೆಗಳೂ ಅಲ್ಲಿ ಬಾಗಿ ಅಲೆಅಲೆಯಾಗುತ್ತವೆ.

ಪ್ರಶ್ನೆ: ಒಂದು ಹಾಡು ಪಿಸುಮಾತು, ಮುಂದಿನದು ಕಿವಿಗೆ ಬಡಿಯುವಷ್ಟು ಜೋರು. ಕೈ ಯಾವಾಗಲೂ ವಾಲ್ಯೂಮಿನ ಮೇಲೇ.

ಉತ್ತರ: 'ವಾಲ್ಯೂಮ್ ನಾರ್ಮಲೈಸೇಷನ್' ಆನ್ ಮಾಡಿ. ಆ್ಯಪಲ್ ಮ್ಯೂಸಿಕ್‌ನಲ್ಲಿ ಇದರ ಹೆಸರು 'ಸೌಂಡ್ ಚೆಕ್'. ಸ್ಪಾಟಿಫೈನ ಸಾಮಾನ್ಯ ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಗಟ್ಟಿತನದ ಅಳತೆ). 'ಲೌಡ್' ಆರಿಸಿದರೆ ಮೈನಸ್ 11. ಹಾಗೆ ಏರಿಸುವಾಗ ಮೆಲುದನಿಯ ಹಾಡುಗಳನ್ನು ಅದುಮಿ ಹಿಂಡುತ್ತದೆ, ಅದಕ್ಕೇ ಸಾಮಾನ್ಯದಲ್ಲೇ ಬಿಡಿ.

ಪ್ರಶ್ನೆ: ದಿನಕ್ಕೆ ನಾಲ್ಕು ಗಂಟೆ ಇಯರ್‌ಫೋನ್. ಕಿವಿಗೆ ಅಪಾಯವೇ?

ಉತ್ತರ: ಗಂಟೆಯೊಂದನ್ನೇ ನೋಡಿದರೆ ಉತ್ತರ ಸಿಗದು, ಜೋರನ್ನೂ ಸೇರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಮಕ್ಕಳಿಗೆ 40 ಗಂಟೆಯ ಮಿತಿ 75 ಡೆಸಿಬಲ್ಲಿಗೆ. ನಿಮ್ಮದು ವಾರಕ್ಕೆ 28 ಗಂಟೆ, 80ರೊಳಗಿದ್ದರೆ ಚಿಂತೆಯಿಲ್ಲ. ಬೇಸಿಗೆಯಲ್ಲಿ ಫ್ಯಾನು, ಕೂಲರುಗಳ ಮೊರೆತ ಹಾಡಿನ ಬೇಸನ್ನು ಮುಚ್ಚುತ್ತದೆ, ನಾವು ಅರಿವಿಲ್ಲದೆ ಎರಡು ಮೆಟ್ಟಿಲು ಏರಿಸುತ್ತೇವೆ. ಕಿವಿಗೆ ಬಿಗಿಯಾಗಿ ಕೂರುವ ರಬ್ಬರ್ ತುದಿ ಹಾಕಿದರೆ ಏರಿಸುವ ಅಗತ್ಯ ಬೀಳುವುದಿಲ್ಲ. ರಸ್ತೆಯಲ್ಲಿ ಮಾತ್ರ ಅದೇ ಬಿಗಿ ಅಪಾಯ, ಅಲ್ಲಿ ಹೊರಗಿನ ಸದ್ದು ಬಿಡುವ ಮೋಡ್ ಹಾಕಿ. ಒಂದು ಕಿವಿಯಲ್ಲಿ ಸದ್ದು ಕಮ್ಮಿಯಾಗಿದೆ ಎಂದು ಏರಿಸುವವರು ಮೊದಲು ಜಾಲರಿ ನೋಡಿ. ಬೆವರು, ಗುಗ್ಗೆ ಕಟ್ಟಿಕೊಂಡಿರುತ್ತದೆ. ತುದಿ ಕೆಳಗೆ ಮಾಡಿ ಹಿಡಿದು ಒಣ ಮೆತ್ತನೆ ಬ್ರಷ್ಷಿನಿಂದ ಉಜ್ಜಿ. ಊದಬೇಡಿ, ಸೂಜಿ ಹಾಕಬೇಡಿ.

ಪ್ರಶ್ನೆ: ಇಷ್ಟವಾದ ಹೊಸ ಕಲಾವಿದರಿಗೆ ನಿಜಕ್ಕೂ ನೆರವಾಗುವುದು ಹೇಗೆ? ಮತ್ತೆ ಇತ್ತೀಚೆಗೆ ಮೆಚ್ಚಿದ ಒಬ್ಬ 'ಗಾಯಕ' ಮನುಷ್ಯನೇ ಅಲ್ಲವೇನೋ ಎಂಬ ಅನುಮಾನ.

ಉತ್ತರ: ಎರಡನೆಯದನ್ನು ಮೊದಲು ತೀರಿಸೋಣ. ಆರು ತಿಂಗಳಲ್ಲಿ ನಾಲ್ಕೈದು ಆಲ್ಬಂ, ಕ್ರೆಡಿಟ್ಸಿನಲ್ಲಿ ವಾದಕರ ಹೆಸರಿಲ್ಲ, ಎಲ್ಲೂ ವೇದಿಕೆ ಕಾರ್ಯಕ್ರಮವಿಲ್ಲ, ಚಿತ್ರಗಳೆಲ್ಲ ಒಂದೇ ನುಣುಪು. ಇವುಗಳಲ್ಲಿ ಒಂದಿದ್ದರೆ ಏನೂ ಹೇಳಲಾಗದು, ನಾಚಿಕೆಯ ಕಲಾವಿದರೂ ಇರುತ್ತಾರೆ. ನಾಲ್ಕೂ ಕೂಡಿದರೆ ಅನುಮಾನ ಸರಿ. ಹೆಡ್‌ಫೋನಿನಲ್ಲಿ ಸ, ಶ ಅಕ್ಷರಗಳನ್ನು ಗಮನಿಸಿ. ಯಂತ್ರದ ಹಾಡಿನಲ್ಲಿ ಅವು ಹಲವು ಸಲ ಲೋಹದ ಪುಡಿ ಉದುರಿದಂತೆ ಇರುತ್ತವೆ, ಉಸಿರು ತೆಗೆದುಕೊಳ್ಳುವ ಜಾಗಗಳೂ ಹೊಂದುವುದಿಲ್ಲ. ಡೀಝರ್ ಎಂಬ ಹಾಡು ಕೇಳಿಸುವ ಸೇವೆ 2025ರಿಂದ ಪೂರ್ತಿ ಎಐನಿಂದ ಮಾಡಿದ ಹಾಡುಗಳಿರುವ ಆಲ್ಬಂಗಳಿಗೆ ಗುರುತು ಹಾಕುತ್ತಿದೆ, ಅಲ್ಲೂ ಹುಡುಕಿ ನೋಡಬಹುದು.

ಇನ್ನು ನೆರವು. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನು 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದಿದ್ದರೆ ಅದಕ್ಕೆ ಧ್ವನಿಮುದ್ರಣದ ಗೌರವಧನ ಹುಟ್ಟುವುದೇ ಇಲ್ಲ. ಹಾಗಾಗಿ ತೀರಾ ಹೊಸಬರಿಗೆ ನಿಮ್ಮಂಥ ಐವತ್ತು ಮಂದಿ ಇಪ್ಪತ್ತಿಪ್ಪತ್ತು ಸಲ ಕೇಳಿದರೂ ಗಡಿ ದಾಟಿದಂತೆ. ಸದ್ದು ಮುಚ್ಚಿ ರಾತ್ರಿಯಿಡೀ ತಿರುಗಿಸುವ ಜಾಣತನ ಮಾತ್ರ ಬೇಡ. ಅದು ನಕಲಿ ಕೇಳುವಿಕೆ ಎಂದು ಪತ್ತೆಯಾದರೆ ಪೆಟ್ಟು ಬೀಳುವುದು ಕಲಾವಿದರಿಗೆ. ಹಾಡು ಕೊಳ್ಳುವುದಿದ್ದರೆ, ಕಲಾವಿದರೇ ಹಾಡು ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿ ಡಿಜಿಟಲ್ ಮಾರಾಟಕ್ಕೆ ಸಂಸ್ಥೆಯ ಪಾಲು 15 ಶೇಕಡಾ. 2020ರ ಮಾರ್ಚ್‌ನಲ್ಲಿ ಶುರುವಾದ 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ದಿನಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತಾರೆ. ಆ ದಿನ ನೋಡಿ ಕೊಂಡರೆ ಅದೇ ದುಡ್ಡು ಹೆಚ್ಚು ತಲುಪುತ್ತದೆ. ಕೊಂಡ ಕಡತವನ್ನು ಗುಂಪಿಗೆ ಹಂಚಬೇಡಿ, ಲಿಂಕ್ ಹಂಚಿ.

ಪ್ರಶ್ನೆ: ಬೆಳಗಿನ ಓಟಕ್ಕೆ ನಿಮಿಷಕ್ಕೆ 170 ಬಡಿತದ ಹೊಸ ಹಾಡು ಹುಡುಕಿದರೆ ಜೋಗುಳದಂಥವೂ ಬರುತ್ತವೆ.

ಉತ್ತರ: ಬಡಿತ ಎಣಿಸುವ ತಂತ್ರಾಂಶ 85ನ್ನು 170 ಎಂದೂ, 170ನ್ನು 85 ಎಂದೂ ಓದುವುದು ಮಾಮೂಲು. ಹಾಡು ಹಾಕಿ 15 ಸೆಕೆಂಡ್ ಕಾಲು ತಟ್ಟಿ ಎಣಿಸಿ, ನಾಲ್ಕರಿಂದ ಗುಣಿಸಿ. 21 ಬಂದರೆ 84, ಪ್ರತಿ ಬಡಿತಕ್ಕೆ ಎರಡು ಹೆಜ್ಜೆ ಇಟ್ಟರೆ ಅದೂ ಓಟಕ್ಕೆ ಆಗುತ್ತದೆ. ಬಿಸಿಲೇರಿದ ಮೇಲೆ ಓಡುವವರಿಗಂತೂ ಕಿವಿಯಲ್ಲಿ 84ರ ಹಾಡೇ ಹಿತ.